ಶನಿವಾರದ ಕ್ಷಮೆ

ಆ ಸಭೆಯಲ್ಲಿ ಕ್ಷಮೆಗೊಂದು ದಿನ ಗೊತ್ತಾಗಿತ್ತು. ಶನಿವಾರ. ಹೊತ್ತೂ ಗೊತ್ತಾಗಿತ್ತು. ಸಂಜೆ ನಾಲ್ಕು ಗಂಟೆ. ಯಾರು ಕೇಳಬೇಕು, ಯಾರು ಕೊಡಬೇಕು ಅನ್ನುವುದೂ ಹೆಚ್ಚುಕಡಿಮೆ ಗೊತ್ತಾಗಿಯೇ ಇತ್ತು.

ಶಿಡ್ಲಘಟ್ಟದ ಊರಾಚೆ ಒಂದು ನಾಡಹೆಂಚಿನ ಪುಟ್ಟ ಚರ್ಚು. ಅಲ್ಲಿ ಮೂರು ತಿಂಗಳಿಗೊಮ್ಮೆ ಕರ್ತನ ಭೋಜನ. ಹಿಂದಿನ ದಿನ, ಶನಿವಾರ, ಮನಸ್ತಾಪ ಇದ್ದವರು ಬಂದು ಕೈ ಕೂಡಿಸಬೇಕು. ಕೂಡಿಸಿದವರಿಗೆ ಪಾದ್ರಿ ಅಯ್ಯನವರು ಒಂದು ಹಳದಿ ಚೀಟಿ ಕೊಡುತ್ತಾರೆ. ಚೀಟಿ ಇದ್ದವರಿಗೆ ಭಾನುವಾರ ರೊಟ್ಟಿ, ದ್ರಾಕ್ಷಾರಸ. ಇಲ್ಲದವರು ಕೂತು ನೋಡಬೇಕು.

ಕೈ ಕೂಡಿಸುವುದು ಅಂತ ಹೆಸರು ಮಾತ್ರ. ಕೈಗೆ ಕೈ ತಾಗುತ್ತಿರಲಿಲ್ಲ. ಅಯ್ಯನವರು ದೊಡ್ಡ ಸತ್ಯವೇದವನ್ನು ಎರಡೂ ಅಂಗೈ ಮೇಲಿಟ್ಟುಕೊಂಡು ನಿಲ್ಲುತ್ತಿದ್ದರು. ಒಬ್ಬರು ಅದರ ಮೇಲ್ತುದಿ ಮುಟ್ಟಬೇಕು, ಇನ್ನೊಬ್ಬರು ಕೆಳತುದಿ. ನಡುವೆ ಒಂದು ಗೇಣು ಕಪ್ಪು ರಟ್ಟು. ಬೆಂಚಿನವರು ಬೆಂಚಿನವರ ಜೊತೆ ಜಗಳವಾಡಿದರೆ ನೆಟ್ಟಗೆ ಕೈಗೆ ಕೈ ಕೊಡುತ್ತಿದ್ದರು. ಬೆಂಚಿನವರಿಗೂ ಚಾಪೆಯವರಿಗೂ ಬಂದಾಗ ಮಾತ್ರ ನಡುವೆ ಈ ಪುಸ್ತಕ. ಯಾವ ಪುಣ್ಯಾತ್ಮ ಈ ಉಪಾಯ ಕಂಡುಹಿಡಿದನೋ, ಅವನಿಗೆ ಒಳ್ಳೆಯದಾಗಲಿ.

ಬೆಂಚಿನವರೆಂದರೆ ತಾತಂದಿರ ಕಾಲದಲ್ಲಿ ಹೊಲ ಗದ್ದೆ ಸಮೇತ ಯೇಸುವಿನ ಕಡೆ ಬಂದವರು. ನಾಲ್ಕು ಮನೆ. ಚಾಪೆಯವರೆಂದರೆ ಹೊಲಗೇರಿಯಿಂದ ಬಂದವರು. ನಲವತ್ತು ಮನೆ. ನಾಲ್ಕು ಮನೆಯವರು ಬರುವಾಗ ದೇವರನ್ನು ಬಿಟ್ಟು ಬಂದರು, ಜಾತಿಯನ್ನು ಮೂಟೆ ಕಟ್ಟಿ ತಂದರು. ರೊಟ್ಟಿ ಮೊದಲು ಬೆಂಚಿಗೆ, ಆಮೇಲೆ ಚಾಪೆಗೆ. ಬಟ್ಟಲೂ ಹಾಗೆಯೇ. ಒಂದೇ ಬಟ್ಟಲಲ್ಲವೇ ಎಂದು ಬೆಂಚಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಅಕ್ಕಯಮ್ಮ ಚಾಪೆಯವಳು. ವಯಸ್ಸು ನಲವತ್ತರ ಮೇಲೆ. ಗಂಡ ಮಾರ್ಕಪ್ಪ ಕೆಮ್ಮಿ ಕೆಮ್ಮಿ ಸತ್ತು ಒಂಬತ್ತು ವರ್ಷವಾಗಿತ್ತು. ಅವಳಿಗೆ ದೀಕ್ಷಾಸ್ನಾನವಾದಾಗ ಬಿಳಿ ದೊರೆಸಾನಿ ಪುಸ್ತಕದಲ್ಲಿ ರಾಹೇಲ ಎಂದು ಬರೆದುಕೊಂಡಿದ್ದರು. ಆ ಹೆಸರಿನಿಂದ ಅವಳನ್ನು ಕರೆಯುತ್ತಿದ್ದವರು ಅಯ್ಯನವರೊಬ್ಬರೇ, ಅದೂ ಅವಳಿಂದ ಕ್ಷಮೆ ಬೇಕಾದಾಗ. "ಸಹೋದರಿ ರಾಹೇಲ" ಎಂದು ಕರೆ ಬಂದರೆ ಅವಳಿಗೆ ಅರ್ಥವಾಗಿಬಿಡುತ್ತಿತ್ತು. ಪುಸ್ತಕದ ಕೆಳತುದಿ ಮುಟ್ಟುವ ಸರದಿ.

ಹಾಗೆ ನಾಲ್ಕು ಸಲ ಮುಟ್ಟಿದ್ದಳು. ಬೆಂಚಿನವರ ಎಮ್ಮೆ ಅವಳ ಹಿತ್ತಲಿನ ಅವರೆ ಮೇಯ್ದಾಗ ಒಂದು ಸಲ. ಬಾವಿಯ ಹತ್ತಿರ ಅವಳ ಕೊಡ ಒದ್ದು ಒಡೆದಾಗ ಒಂದು ಸಲ. ಮಾರ್ಕಪ್ಪನ ಕೆನ್ನೆಗೆ ಹೊಡೆದಾಗ ಎರಡು ಸಲ, ಯಾಕೆಂದರೆ ಎರಡು ಸಲ ಹೊಡೆದಿದ್ದರು. ಪ್ರತಿ ಸಲವೂ ಮನಸ್ಸಿಟ್ಟೇ ಕ್ಷಮಿಸಿದ್ದಳು. ಸುಳ್ಳಲ್ಲ. ಕ್ಷಮಿಸಿದ ಮೇಲೆ ತಲೆಯ ಮೇಲಿನ ಸೌದೆ ಹೊರೆ ಇಳಿಸಿದ ಹಾಗೆ ಕುತ್ತಿಗೆ ಹಗುರಾಗುತ್ತಿತ್ತು. ಅದನ್ನು ಅವಳು ಅನುಭವಿಸಿದ್ದಳು, ಅದನ್ನು ಕೊಟ್ಟ ಯೇಸುಸ್ವಾಮಿಯನ್ನು ನಂಬಿದ್ದಳು. ಐದನೆಯದು ಮಾತ್ರ ಇಳಿಯಲಿಲ್ಲ.

ಐದನೆಯದು ಸಮುವೇಲ ಬಯ್ಯಪ್ಪನದು.

ಬಯ್ಯಪ್ಪ ಸಭೆಯ ಹಿರಿಯ. ಮುಂದಿನ ಬೆಂಚು ಅವನದು. ಊರಲ್ಲಿ ಅವನಿಗೆ ಹನ್ನೆರಡು ಚರಕದ ಬಿಚ್ಚಾಣಿಕೆ ಶೆಡ್ಡು ಇತ್ತು. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸ. ಗಂಡಸರು ಒಲೆಗೆ ಸೌದೆ ತುಂಬುತ್ತಿದ್ದರು, ಚರಕ ತಿರುಗಿಸುತ್ತಿದ್ದರು. ಹೆಂಗಸರು ಕುದಿಯುವ ನೀರಿನ ಬಾಣಲೆ ಮುಂದೆ ಕೂತು, ತೇಲುವ ಗೂಡುಗಳಿಂದ ಎಳೆ ಹಿಡಿದು ಕೊಡುತ್ತಿದ್ದರು. ಬೆಳಗಿನಿಂದ ಸಂಜೆತನಕ ಬೆರಳು ಬಿಸಿನೀರಿನಲ್ಲಿ. ಬೆರಳ ತುದಿ ಬೆಂದು ಬಿಳುಚಿ ಸುಲಿಯುತ್ತಿತ್ತು. ಉಗುರಿನ ಸಂದಿ ಕೊಳೆಯುತ್ತಿತ್ತು. ಅಕ್ಕಯಮ್ಮ ಹದಿನಾರು ವರ್ಷ ಆ ಬಾಣಲೆಯ ಮುಂದೆ ಕೂತವಳು. ಬೆಂದ ಹುಳುವಿನ ನಾತ ಅವಳ ಕೈ ಬಿಟ್ಟು ಹೋಗುತ್ತಿರಲಿಲ್ಲ. ಭಾನುವಾರ ಅಂಗೈ ಮೇಲೆ ಬಿದ್ದ ಭೋಜನದ ರೊಟ್ಟಿಗೂ ಅದೇ ನಾತ ಹತ್ತುತ್ತಿತ್ತು.

ಸಂಜೆ ಕೆಲಸ ಬಿಟ್ಟಾಗ ಹೆಂಗಸರು ಬಾಗಿಲಲ್ಲಿ ನಿಂತು ಸೆರಗು ಒದರಬೇಕು. ನೂಲು ಕದ್ದಿಲ್ಲ ಎಂದು ತೋರಿಸಲು. ಅದು ದಿನದ ಪದ್ಧತಿ. ಗಂಡಸರು ಪಂಚೆ ಒದರುವ ಪದ್ಧತಿ ಇರಲಿಲ್ಲ.

ಶ್ರಾವಣದ ಒಂದು ಸಂಜೆ ಒಂದು ಲಡಿ ಕಡಿಮೆ ಬಂತು. ಲಡಿ ಎಂದರೆ ನೂಲಿನ ಒಂದು ಕಟ್ಟು, ಮೊಳಕೈಯಷ್ಟು ಉದ್ದ. ಬಯ್ಯಪ್ಪ ಎರಡು ಸಲ ಎಣಿಸಿದ. ಬಾಗಿಲು ಹಾಕಿಸಿದ. ಹೆಂಗಸರು ಸಾಲಾಗಿ ನಿಂತರು. ಇಪ್ಪತ್ತನಾಲ್ಕು ಜನ. ಅವರಲ್ಲಿ ಒಕ್ಕಲಿಗರಿದ್ದರು, ಸಾಬರ ಮನೆಯವರಿದ್ದರು, ಭೋವಿಗಳಿದ್ದರು. ಬಯ್ಯಪ್ಪ ಸಾಲಿನುದ್ದಕ್ಕೂ ಕಣ್ಣಾಡಿಸಿ ಅವಳ ಮುಂದೆ ಬಂದು ನಿಂತ.

"ಅಕ್ಕಯಮ್ಮ, ನಿನ್ನಿಂದ ಶುರು ಮಾಡ್ತೀನಿ ಕಣಮ್ಮ" ಎಂದ.

"ಯಾಕೆ ಯಜಮಾನ್ರೆ, ನಾನೇನು ತಗಂಡಿಲ್ಲ."

"ತಗಂಡಿದೀಯ ಅಂತ ಯಾರಂದ್ರು? ಬೇರೆಯವರನ್ನ ಮುಟ್ಟಿದ್ರೆ ನಾಳೆ ಅವರ ಮನೆ ಗಂಡಸ್ರು ದೊಣ್ಣೆ ಹಿಡ್ಕಂಡು ಬರ್ತಾರೆ. ನೀನು ನಮ್ಮ ಸಭೆಯವಳು. ಮನಸ್ನಲ್ಲಿ ಇಟ್ಕಳಲ್ಲ."

ಇದನ್ನು ಅವನು ಮೆಲ್ಲಗೆ, ಒಳ್ಳೆಯ ಮಾತಿನಲ್ಲೇ ಹೇಳಿದ. ಅವಳಿಗೆ ಆಮೇಲೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ಇದೇ. ಅವಳು ಕ್ಷಮಿಸುತ್ತಾಳೆ ಎಂದು ಮೊದಲೇ ಗೊತ್ತಿತ್ತು ಅವನಿಗೆ. ಗೊತ್ತಿದ್ದುದರಿಂದಲೇ ಅವಳನ್ನು ಆರಿಸಿದ. ಅವಳ ಕ್ಷಮೆ ಅವನ ಶೆಡ್ಡಿನ ಮೂಲೆಯಲ್ಲಿದ್ದ ಕಸಬರಿಗೆ. ಬೇಕೆಂದಾಗ ಕೈಗೆ ಸಿಗುತ್ತಿತ್ತು.

ಅವನು ಅವಳನ್ನು ಮುಟ್ಟಲಿಲ್ಲ. ಮುಟ್ಟುವ ಜಾತಿ ಅಲ್ಲವಲ್ಲ. ಲಡಿ ಎತ್ತಿ ಗಳುವಿಗೆ ಹಾಕುವ ಬಿದಿರುಕೋಲು ತೆಗೆದುಕೊಂಡ. ತುರುಬು ಬಿಚ್ಚು ಎಂದ. ಬಿಚ್ಚಿದಳು. ಕೋಲಿನಿಂದ ಕೂದಲು ಕೆದಕಿ ನೋಡಿದ. ಸೀರೆ ಬಿಚ್ಚು ಎಂದ. ಅವಳು ನಿಂತೇ ಇದ್ದಳು. ಮತ್ತೆ ಬಿಚ್ಚು ಎಂದ. ಸೆರಗಿನ ತುದಿಯನ್ನು ಕೋಲಿಗೆ ಸುತ್ತಿ ಎಳೆದ. ಸೀರೆ ಒದ್ದೆ ನೆಲದ ಮೇಲೆ ಬಿತ್ತು. ರವಿಕೆಯ ಗಂಟನ್ನೂ ಬಿಚ್ಚಿಸಿದ. ಒಲೆಯ ಹತ್ತಿರ ಗಂಡಸರು ನಿಂತಿದ್ದರು. ಒಬ್ಬ ಮುಖ ತಿರುಗಿಸಿದ. ಮಿಕ್ಕವರು ತಿರುಗಿಸಲಿಲ್ಲ. ಬಾಣಲೆಯಲ್ಲಿ ನೀರು ಇನ್ನೂ ಕುದಿಯುತ್ತಿತ್ತು.

ಏನೂ ಸಿಗಲಿಲ್ಲ.

"ಸರಿ, ಹೋಗಮ್ಮ" ಎಂದ ಬಯ್ಯಪ್ಪ. ಅವಳಾದ ಮೇಲೆ ಬೇರೆ ಯಾರನ್ನೂ ಹುಡುಕಲಿಲ್ಲ.

ಮಾರನೆಯ ದಿನದಿಂದ ಅವಳು ಆ ಶೆಡ್ಡಿನ ಮೆಟ್ಟಿಲು ಹತ್ತಲಿಲ್ಲ. ಮಸೀದಿ ಬೀದಿಯ ವಜೀರುನ್ನೀಸಾಳ ಮನೆಯ ಅಂಗಳದಲ್ಲಿ ಎರಡು ಚರಕ ಇದ್ದವು. ಅಲ್ಲಿ ಹೋಗಿ ಕೂತಳು. ಕೂಲಿ ಕಮ್ಮಿ. ವಜೀರುನ್ನೀಸಾ ಬಾಯಿ ಜೋರು, ಎಳೆ ಕಡಿದರೆ ಬೈಯುತ್ತಿದ್ದಳು. ಸಂಜೆ ಅಭ್ಯಾಸಬಲದಿಂದ ಅಕ್ಕಯಮ್ಮ ಬಾಗಿಲಲ್ಲಿ ನಿಂತು ಸೆರಗು ಒದರಿದಾಗ, "ಅದೇನದು ಕೋಳಿ ಥರ ಒದರ್ತೀಯ? ಮನೆಗೆ ಹೋಗೆ" ಎಂದು ಬೈದಳು. ಆ ಬೈಗುಳ ಕೇಳಿ ಅಕ್ಕಯಮ್ಮನಿಗೆ ದಾರಿಯುದ್ದಕ್ಕೂ ಅಳು ಬಂತು.

ಒಂಬತ್ತು ದಿನವಾದ ಮೇಲೆ ಶೆಡ್ಡಿನ ಪಕ್ಕದ ಬಾಣಲೆಯ ಚಿಕ್ಕವೆಂಕಟಮ್ಮ ಅವಳನ್ನು ಹುಡುಕಿಕೊಂಡು ಬಂದಳು.

"ಅಕ್ಕ, ಲಡಿ ಸಿಕ್ತಂತೆ."

"ಎಲ್ಲಿ?"

"ಎಲ್ಲೂ ಹೋಗಿರ್ಲೇ ಇಲ್ಲ ಕಣಕ್ಕ. ಬೆಂಗಳೂರು ಸಾವ್ಕಾರ್ರಿಗೆ ಮಾದರಿ ತೋರ್ಸಕ್ಕೆ ಯಜಮಾನ್ರೇ ಕಾಗ್ದದಲ್ಲಿ ಸುತ್ತಿ ಕಳಿಸಿದ್ರಂತೆ. ಮರ್ತುಬಿಟ್ಟಿದ್ರಂತೆ. ಸಾವ್ಕಾರ್ರು ವಾಪಸ್ ಕಳಿಸವ್ರೆ. ನಮ್ಮ ಮುಂದೇನೇ ಬಿಚ್ಚಿದ್ರು."

"ಬಿಚ್ಚಿ ಏನಂದ್ರು?"

"ಏನಂತಾರೆ? ಗಳುವಿಗೆ ಹಾಕು ಅಂದ್ರು. ಪೋನೀಲೇ ಅಕ್ಕ, ಹೋಗ್ಲಿ ಬಿಡು. ಬಡವನ ಕೋಪ ದವಡೆಗೆ ಮೂಲ."

ಅಂದಿನಿಂದ ಅಕ್ಕಯಮ್ಮ ಕಾದಳು. ಬರುತ್ತಾನೆ ಎಂದುಕೊಂಡಳು. ಬಾಗಿಲಿಗೆ ಬರುವುದು ಬೇಡ, ದಾರಿಯಲ್ಲಿ ಸಿಕ್ಕಾಗ ಹೇಳಲಿ. ಮಾತು ಬೇಡ, ತಲೆಯನ್ನಾದರೂ ತಗ್ಗಿಸಲಿ. ಭಾನುವಾರ ಭಾನುವಾರ ಅವನು ಮುಂದಿನ ಬೆಂಚಿನಲ್ಲಿ ಕೂತು ಕೀರ್ತನೆ ಹಾಡಿದ. ಒಳ್ಳೆಯ ಕಂಠ. ಅವಳು ಚಾಪೆಯ ಮೇಲೆ ಕೂತು ಅವನ ಬೆನ್ನು ನೋಡಿದಳು. ಕರ್ತನ ಪ್ರಾರ್ಥನೆ ಹೇಳುವಾಗ ಕ್ಷಮೆಯ ಮಾತು ಬರುವ ಕಡೆ ಅವಳ ನಾಲಿಗೆ ನಿಲ್ಲುತ್ತಿತ್ತು. ಎಲ್ಲರೂ ಮುಂದೆ ಹೋಗುತ್ತಿದ್ದರು. ಅವಳು ಅಲ್ಲೇ ಉಳಿಯುತ್ತಿದ್ದಳು.

ಆ ವರ್ಷ, ೧೯೫೮ರಲ್ಲಿ, ಅವಳ ಮಗಳು ಸುಗುಣಳ ಮದುವೆ ಗೊತ್ತಾಯಿತು. ಸುಗುಣ ಚಿಕ್ಕಬಳ್ಳಾಪುರದ ಹಾಸ್ಟೆಲಿನಲ್ಲಿದ್ದು ಓದಿದವಳು. ಹತ್ತೊಂಬತ್ತು ವರ್ಷ. ಹುಡುಗ ಯೋಸೇಫ, ಚಿಂತಾಮಣಿ ಕಡೆಯ ಹಳ್ಳಿಯೊಂದರಲ್ಲಿ ಮಿಷನ್ ಶಾಲೆಯ ಮೇಷ್ಟ್ರು. ಮದುವೆ ಸಭೆಯಲ್ಲೇ ಆಗಬೇಕು, ಇಲ್ಲದಿದ್ದರೆ ಅವನ ಕೆಲಸ ಉಳಿಯುವುದಿಲ್ಲ. ಸಭೆಯಲ್ಲಿ ಆಗಬೇಕಾದರೆ ಮೂರು ಭಾನುವಾರ ಪ್ರಕಟಣೆ ಓದಬೇಕು. ಇಂಥವನಿಗೂ ಇಂಥವಳಿಗೂ ಮದುವೆ ನಿಶ್ಚಯವಾಗಿದೆ, ಅಡ್ಡಿ ಇರುವವರು ಈಗಲೇ ಹೇಳಿ ಎಂದು ಅಯ್ಯನವರು ಕೇಳುತ್ತಾರೆ. ಸಭೆಯ ಪರವಾಗಿ ಹಿರಿಯರು ಎದ್ದು "ಅಡ್ಡಿ ಇಲ್ಲ" ಎನ್ನುತ್ತಾರೆ. ಅಷ್ಟಾದರೆ ಒಂದು ಭಾನುವಾರ ಮುಗಿಯಿತು.

ಡಿಸೆಂಬರ್ ಮೊದಲ ಭಾನುವಾರ ಮೊದಲನೆಯ ಪ್ರಕಟಣೆ ಆಯಿತು. ಕಾಗದ ಸುಗುಣಳೇ ಮುದ್ದಾಗಿ ಬರೆದುಕೊಟ್ಟಿದ್ದಳು. ಬಯ್ಯಪ್ಪ ಎದ್ದು ಕೋಟು ಸರಿಮಾಡಿಕೊಂಡು "ಅಡ್ಡಿ ಇಲ್ಲ" ಎಂದ. ಅಕ್ಕಯಮ್ಮನಿಗೆ ಆ ಬಾಯಿಂದ ಆ ಮಾತು ಕೇಳುವುದು ಕಷ್ಟವಾಯಿತು. ಮಗಳ ಮುಖ ನೋಡಿ ನುಂಗಿಕೊಂಡಳು.

ಎರಡನೆಯ ಭಾನುವಾರ ಭೋಜನದ ಭಾನುವಾರ. ಅದರ ಹಿಂದಿನ ಶನಿವಾರ ಅವಳಿಗೆ ಕರೆ ಬಂತು. "ಸಹೋದರಿ ರಾಹೇಲಳು ನಾಲ್ಕು ಗಂಟೆಗೆ ಬರತಕ್ಕದ್ದು."

ದೇವಸಹಾಯ ಅಯ್ಯನವರು ಕೆಟ್ಟವರಲ್ಲ. ಅವರೂ ಗೌರಿಬಿದನೂರಿನ ಕಡೆಯ ಹೊಲಗೇರಿಯಲ್ಲೇ ಹುಟ್ಟಿದವರು. ಓದಿ, ಬಿಳಿ ನಿಲುವಂಗಿ ತೊಟ್ಟು, ಚಾಪೆಯಿಂದ ಮೇಲೆದ್ದವರು. ಅವರ ಮನೆಗೆ ಭತ್ತ ಬರುತ್ತಿದ್ದುದು ಬಯ್ಯಪ್ಪನ ಕಣಜದಿಂದ. ಚರ್ಚಿನ ಹೆಂಚು ಹಾಕಿಸಿದವನೂ ಅವನೇ. ಅತ್ತ ದರಿ ಇತ್ತ ಪುಲಿ ಅನ್ನುವಂಥ ಬದುಕು. ಆದರೆ ಅವರ ಹುಲಿ ಯಾವಾಗಲೂ ಬೆಂಚಿನ ಕಡೆಯೇ ಇರುತ್ತಿತ್ತು, ಹಾಗಾಗಿ ಅವರು ಯಾವಾಗಲೂ ಚಾಪೆಯ ಕಡೆಗೇ ಬೀಳುತ್ತಿದ್ದರು.

ಬಯ್ಯಪ್ಪ ಆಗಲೇ ಬಂದು ನಿಂತಿದ್ದ. ಅಯ್ಯನವರು ಸತ್ಯವೇದ ಎತ್ತಿ ಹಿಡಿದರು.

"ಕ್ರಿಸ್ಮಸ್ಸು ಹತ್ತಿರ ಬಂತಮ್ಮ. ಹಿರಿಯರೇ ತಗ್ಗಿ ಬಂದಿದಾರೆ. ನಿಮ್ಮಿಬ್ರ ನಡುವೆ ಇರೋದು ಇವತ್ತು ಹೋಗ್ಲಿ."

ಬಯ್ಯಪ್ಪ ಪುಸ್ತಕದ ಮೇಲ್ತುದಿಯ ಮೇಲೆ ಎರಡು ಬೆರಳಿಟ್ಟ. "ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಕ್ಷಮಿಸಿಬಿಡಮ್ಮ" ಎಂದ. ಸಲೀಸಾಗಿ ಬಂತು. ಎಷ್ಟೋ ಸಲ ಹೇಳಿ ಸವೆದ ಮಾತು.

ಅವಳು ಕೈ ಎತ್ತಿದಳು. ಕೆಳತುದಿಗೆ ಇನ್ನು ನಾಲ್ಕು ಬೆರಳು ಇತ್ತು. ಕೈ ಅಲ್ಲೇ ನಿಂತಿತು.

"ಏನಾದ್ರೂ ಅಂದ್ರೆ ಏನು ಯಜಮಾನ್ರೆ?"

"ಅಂದ್ರೆ?"

"ತಪ್ಪಾಗಿದ್ರೆ ಅಂದ್ರಲ್ಲ. ಆಗಿದ್ಯಾ, ಇಲ್ವಾ?"

ಅಯ್ಯನವರು ಕೆಮ್ಮಿದರು. "ರಾಹೇಲಮ್ಮ, ಅವರು ಕೇಳಿದಾರೆ. ನೀನು ಕ್ಷಮಿಸಿದೆ ಅನ್ನು. ಅಷ್ಟೇ."

"ಕ್ಷಮಿಸ್ತೀನಿ ಅಯ್ನೋರೆ. ಕ್ಷಮಿಸ್ಬೇಕು ಅಂತ ನಾಲ್ಕು ತಿಂಗಳಿಂದ ಕಾದಿದೀನಿ. ಯಾವ್ದನ್ನ ಕ್ಷಮಿಸ್ಲಿ ಅಂತ ಅವ್ರು ಬಾಯಿ ಬಿಟ್ಟು ಹೇಳ್ಲಿ. ಲಡಿ ನಾನು ಕದ್ದಿರ್ಲಿಲ್ಲ ಅಂತ ಹೇಳ್ಲಿ. ಅವ್ರೇ ಕಳಿಸಿದ್ರು ಅಂತ ಹೇಳ್ಲಿ. ನನ್ನ ಸೀರೆ ಬಿಚ್ಚಿಸಿದ್ದು ತಪ್ಪು ಅಂತ ಹೇಳ್ಲಿ. ಇಲ್ಲಿ ಬೇಡ, ಶೆಡ್ಡಲ್ಲಿ, ಆ ಹೆಂಗಸ್ರ ಮುಂದೆ, ಆ ಗಂಡಸ್ರ ಮುಂದೆ ಹೇಳ್ಲಿ. ಒಂದೇ ಮಾತು. ಆ ಕ್ಷಣಕ್ಕೇ ಬಿಟ್ಟುಬಿಡ್ತೀನಿ."

"ನಾನೇನು ಬೇಕಂತ ಮಾಡಿದ್ನಾ? ನಿನ್ನನ್ನ ಕಳ್ಳಿ ಅಂದ್ನಾ? ಮೈ ಮುಟ್ಟಿದ್ನಾ?" ಬಯ್ಯಪ್ಪನ ದನಿ ಏರಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. "ನೋಡಿ ಅಯ್ನೋರೆ, ನಾನು ತಗ್ಗಿ ಬಂದ್ರೆ ಇವ್ಳು ಕೂಲಿಯವರ ಮುಂದೆ ಮಾನ ಕಳ್ಕೊ ಅಂತಾಳೆ."

"ನನ್ನ ಮಾನ ಎಲ್ಲಿ ಹೋಯ್ತೋ ಅಲ್ಲೇ ಹುಡುಕ್ಬೇಕಲ್ಲ ಯಜಮಾನ್ರೆ" ಎಂದಳು ಅಕ್ಕಯಮ್ಮ.

ಅವನು ಬೆರಳು ತೆಗೆದು ಹೊರಟುಹೋದ. ಅಯ್ಯನವರು ಪುಸ್ತಕ ಹಿಡಿದುಕೊಂಡು ನಿಂತೇ ಇದ್ದರು.

"ಎಂಥ ಕೆಲ್ಸ ಮಾಡ್ದೆ ತಾಯಿ. ಎಷ್ಟು ಸಲ ಅಂತ ಲೆಕ್ಕ ಇಡಬಾರದು ಅಂತ ಯೇಸುಸ್ವಾಮಿ ಹೇಳಿಲ್ವಾ?"

"ನಾನು ಲೆಕ್ಕ ಇಟ್ಟಿಲ್ಲ ಅಯ್ನೋರೆ. ಏನು ಅಂತ ಕೇಳ್ದೆ."

ಅಯ್ಯನವರು ಚೀಟಿ ಕೊಡಲಿಲ್ಲ. ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದು ಅವಳ ಕೈಗಿಟ್ಟರು. ಸುಗುಣ ಬರೆದ ಪ್ರಕಟಣೆ. "ಮನಸ್ಸಲ್ಲಿ ದ್ವೇಷ ಇಟ್ಕೊಂಡಿರೋ ಮನೆಯ ಪ್ರಕಟಣೆ ಓದಕ್ಕಾಗಲ್ಲಮ್ಮ. ಹಿರಿಯರು ಅಡ್ಡಿ ಇಲ್ಲ ಅನ್ನಬೇಕಲ್ಲ. ಹೋಗಿ ಯೋಚ್ನೆ ಮಾಡು. ನಾಳೆ ಬೆಳಿಗ್ಗೆ ಬಂದು ಒಂದು ಮಾತು ಹೇಳಿದ್ರೂ ಸಾಕು, ಓದ್ತೀನಿ."

ಕಾಗದ ಹಿಡಿದುಕೊಂಡು ಅವಳು ಮನೆಗೆ ಬಂದಳು. ಓದು ಬರದ ಕೈಯಲ್ಲಿ ಮಗಳ ಅಕ್ಷರ. ಹೊಡೆದ ಕೈಗೆ ಮುತ್ತಿಡು, ಇಲ್ಲದಿದ್ದರೆ ಮಗಳ ಬಾಳು ಹಾಳು. ಇದನ್ನು ಪ್ರೀತಿ ಅಂತ ಕರೆಯುತ್ತಾರೆ. ಇದಕ್ಕೆ ದೇವರ ಸಾಕ್ಷಿ ಬೇರೆ. ಅವಳಿಗೆ ಕಲ್ಲು ತೆಗೆದು ಬಯ್ಯಪ್ಪ ಹಾಕಿಸಿದ ಆ ಹೆಂಚಿನ ಮೇಲೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಬಂದು ಒಲೆ ಹಚ್ಚಿದಳು.

ಸುಗುಣ ಕಾಗದ ನೋಡಿದ ಕೂಡಲೇ ಸಿಡಿದಳು.

"ಅಮ್ಮ, ನಿಂಗೇನಾಗಿದೆ? ಒಂದು ಮಾತು ಅಮ್ಮ. ಕ್ಷಮಿಸಿದೆ ಅಂತ ಅಂದ್ರೆ ನಾಲಿಗೆ ಸವೆಯುತ್ತಾ? ಅವರ ಮನೆಯವ್ರಿಗೆ ಗೊತ್ತಾದ್ರೆ ಮದ್ವೆ ಮುರಿದುಬೀಳುತ್ತೆ. ಆ ಲಡಿ ಜಗಳ ಇಷ್ಟು ದಿನ ಎಳೀಬೇಕಾ?"

ಅಕ್ಕಯಮ್ಮ ಹಿಟ್ಟು ತೊಳಸುತ್ತಿದ್ದ ಕೋಲು ನಿಲ್ಲಿಸಿದಳು. ಮಗಳಿಗೆ ಗೊತ್ತಿದ್ದುದು ಅಷ್ಟೇ. ಲಡಿ ಕಡಿಮೆ ಬಂತು, ಅಮ್ಮನ ಮೇಲೆ ಅನುಮಾನಪಟ್ಟರು, ಅಮ್ಮ ಕೆಲಸ ಬಿಟ್ಟಳು. ಆಗ ಅವಳು ಹಾಸ್ಟೆಲಿನಲ್ಲಿದ್ದಳು. ಮಿಕ್ಕಿದ್ದನ್ನು ಹೆತ್ತ ಮಗಳ ಮುಂದೆ ಯಾವ ಬಾಯಲ್ಲಿ ಹೇಳುವುದು?

"ನಿಂಗೆ ಗೊತ್ತಿಲ್ಲ ಬಿಡಮ್ಮ."

"ಏನು ಗೊತ್ತಿಲ್ಲ? ಹೇಳು. ನನ್ನ ಮದ್ವೆ ನಿಲ್ಸೋ ಅಷ್ಟು ದೊಡ್ಡದೇನು ಅಂತ ಹೇಳು."

ಆಗ ಹೇಳಿದಳು. ಒಲೆಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದಳು. ತುರುಬು ಬಿಚ್ಚಿದ್ದು. ಕೋಲಿನಿಂದ ಕೆದಕಿದ್ದು. ಸೀರೆ ನೆಲಕ್ಕೆ ಬಿದ್ದದ್ದು. ರವಿಕೆಯ ಗಂಟು. ಒಬ್ಬ ಮುಖ ತಿರುಗಿಸಿದ್ದು. ನೀನು ನಮ್ಮ ಸಭೆಯವಳು, ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದದ್ದು. ಹೇಳಿ ಮುಗಿಸಿದಾಗ ಮುದ್ದೆಯ ಹಿಟ್ಟು ತಳಹತ್ತಿತ್ತು.

ಸುಗುಣ ಎದ್ದು ಬಂದು ಅಮ್ಮನ ಕೈಯಿಂದ ಕೋಲು ತೆಗೆದುಕೊಂಡಳು. ಮಡಕೆ ಇಳಿಸಿದಳು. ಆಮೇಲೆ ಅಮ್ಮನ ಬೆಂದ ಬೆರಳುಗಳನ್ನು ಹಿಡಿದುಕೊಂಡು ಕೂತಳು.

"ನಾಳೆ ಬೆಳಿಗ್ಗೆ ಹೋಗಿ ಹೇಳ್ಬಿಡ್ತೀನಿ ಕಣಮ್ಮ" ಎಂದಳು ಅಕ್ಕಯಮ್ಮ. "ನಿನ್ನ ಬಾಳು ದೊಡ್ಡದು. ನುಂಗ್ಕೊತೀನಿ. ನಾಲ್ಕು ನುಂಗಿದೀನಿ, ಐದು ನುಂಗಕ್ಕಾಗಲ್ವಾ?"

"ಬೇಡ" ಎಂದಳು ಸುಗುಣ. ಅಷ್ಟೇ ಹೇಳಿದಳು. ಕಾಗದವನ್ನು ಮಡಿಸಿ ತನ್ನ ಸತ್ಯವೇದದೊಳಗೆ ಇಟ್ಟುಕೊಂಡಳು.

ಭಾನುವಾರ ಚರ್ಚು ತುಂಬಿತ್ತು. ಮುಂದೆ ಬೆಂಚು, ಹಿಂದೆ ಚಾಪೆ. ಮೇಜಿನ ಮೇಲೆ ಬಿಳಿ ಬಟ್ಟೆಯಡಿಯಲ್ಲಿ ರೊಟ್ಟಿ, ಬಟ್ಟಲು. ಅಕ್ಕಯಮ್ಮ ಬೆಳಿಗ್ಗೆ ಅಯ್ಯನವರ ಬಳಿ ಹೋಗಿರಲಿಲ್ಲ. ಅವರು ಬಾಗಿಲಲ್ಲಿ ಅವಳ ಮುಖ ನೋಡಿದರು, ಅವಳು ಇಲ್ಲವೆಂದು ತಲೆಯಾಡಿಸಿದಳು. ಚೀಟಿ ಇಲ್ಲದವಳು ಚಾಪೆಯ ಕೊನೆಯಲ್ಲಿ ಕೂತಳು. ಮಗಳು ಪಕ್ಕದಲ್ಲಿ ಕೂತಳು.

ಪಾಪದ ಅರಿಕೆಯ ಹೊತ್ತು ಬಂತು. ಎಲ್ಲರೂ ಮೊಣಕಾಲೂರಿದರು. ನಾವು ತಪ್ಪು ಮಾಡಿದ್ದೇವೆ ಎಂದು ಅಯ್ಯನವರು ಶುರುಮಾಡಿದರು. ಸಭೆಯೆಲ್ಲ ಒಂದೇ ದನಿಯಲ್ಲಿ ನಾವು ತಪ್ಪು ಮಾಡಿದ್ದೇವೆ ಎಂದಿತು. ಬಯ್ಯಪ್ಪನ ಕಂಠ ಎಲ್ಲರಿಗಿಂತ ಮೇಲೆ ಕೇಳಿಸಿತು. ನಾವು, ನಾವು, ನಾವು. ನೂರು ಜನ ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಎಷ್ಟು ಬಂದೀತು? ಕೋಲು ಹಿಡಿದವನದೂ ಬಟ್ಟೆ ಕಳೆದುಕೊಂಡವಳದೂ ಒಂದೇ ಪಾಲು. ಉಪ್ಪು ತಿಂದವನು ಒಬ್ಬ, ನೀರು ಕುಡಿಯುವವರು ಎಲ್ಲರೂ.

ಅಕ್ಕಯಮ್ಮ ಚಾಪೆಗೆ ಕೈಯೂರಿದಳು. ಅವಳು ಎದ್ದು ನಿಂತಳು.

"ಅಯ್ನೋರೆ, ನಾನು ಮಾಡಿಲ್ಲ" ಎಂದಳು.

ದನಿಗಳು ಒಂದೊಂದಾಗಿ ನಿಂತವು.

"ನಾನು ಮಾಡಿದ್ದು ಬೇಕಾದಷ್ಟಿದೆ. ಅದನ್ನ ಹೇಳ್ತೀನಿ, ಕ್ಷಮೆ ಕೇಳ್ತೀನಿ. ಆದ್ರೆ ಇದು ನನ್ನದಲ್ಲ. ಇದ್ರಲ್ಲಿ ನನ್ನ ಪಾಲಿಲ್ಲ."

"ಕೂತ್ಕೊಳಮ್ಮ" ಎಂದರು ಅಯ್ಯನವರು.

"ಮಾಡ್ದವ್ರು ಹೇಳಲ್ಲ ಅಂತಾರೆ. ಅವ್ರ ಪರವಾಗಿ ನಾನೇ ಹೇಳ್ಬಿಡ್ತೀನಿ. ಯೇಸುಸ್ವಾಮಿ ಕೇಳಿಸ್ಕೊಳ್ಳಲಿ." ಅವಳು ಚಾಪೆಯಿಂದ ಒಂದು ಹೆಜ್ಜೆ ಮುಂದೆ ಬಂದಳು. "ಶ್ರಾವಣದಲ್ಲಿ ಬಯ್ಯಪ್ಪನೋರ ಶೆಡ್ಡಲ್ಲಿ ಒಂದು ಲಡಿ ಕಾಣ್ಲಿಲ್ಲ. ಬೆಂಗಳೂರಿಗೆ ಅವ್ರೇ ಕಳಿಸಿದ್ರು. ನನ್ನನ್ನ ನಿಲ್ಸಿದ್ರು. ನನ್ನ ತುರುಬು ಬಿಚ್ಚಿಸಿದ್ರು."

ಹೀಗೆ ಹೇಳುತ್ತ ತಲೆಯ ಮೇಲಿನ ಸೆರಗು ಸರಿಸಿದಳು. ತುರುಬಿನ ಗಂಟು ಎಳೆದಳು. ನರೆತ ಕೂದಲು ಬೆನ್ನ ಮೇಲೆ ಬಿತ್ತು. ಚರ್ಚಿನಲ್ಲಿ ಹೆಂಗಸು ತಲೆ ಬಿಟ್ಟುಕೊಂಡು ನಿಂತದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

"ಕೋಲಿನಿಂದ ಕೆದಕಿ ನೋಡಿದ್ರು. ಸೀರೆ ಬಿಚ್ಚಿಸಿದ್ರು. ರವಿಕೆ ಬಿಚ್ಚಿಸಿದ್ರು. ಗಂಡಸ್ರ ಮುಂದೆ. ನೀನು ಸಭೆಯವಳು, ಮನಸ್ನಲ್ಲಿ ಇಟ್ಕಳಲ್ಲ ಅಂದ್ರು." ಅವಳು ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಬೆಂಚುಗಳ ಕಡೆಗೆ ಮೂರು ಸಲ ಒದರಿದಳು. "ನೋಡ್ಕೊಳಿ. ಏನೂ ಇಲ್ಲ. ಅವತ್ತೂ ಇರ್ಲಿಲ್ಲ, ಇವತ್ತೂ ಇಲ್ಲ. ಇದು ಬಯ್ಯಪ್ಪನೋರ ತಪ್ಪು. ನಾವು ಅಲ್ಲ. ಅವ್ರು."

ಬಯ್ಯಪ್ಪ ಮೊಣಕಾಲಿನ ಮೇಲೆಯೇ ಇದ್ದ. ಏಳುವುದೋ ಬಿಡುವುದೋ ತಿಳಿಯದೆ ಬೆಂಚಿನ ಅಂಚು ಹಿಡಿದುಕೊಂಡಿದ್ದ.

"ಈಗ ಕೇಳಿ ಯಜಮಾನ್ರೆ" ಎಂದಳು. "ಈಗ ನನ್ನ ಹತ್ರ ಕ್ಷಮೆ ಕೇಳಿ. ಕೊಡ್ತೀನಿ. ಸತ್ಯವಾಗ್ಲೂ ಕೊಡ್ತೀನಿ."

ಸುಳ್ಳಲ್ಲ. ಆ ಮಾತು ಅವಳ ನಾಲಿಗೆಯ ತುದಿಗೇ ಬಂದು ಕೂತಿತ್ತು. ಅವಳಿಗೆ ಅವನು ಸೋಲುವುದು ಬೇಕಿರಲಿಲ್ಲ. ನಾಲ್ಕು ತಿಂಗಳು ಹೊತ್ತದ್ದನ್ನು ಇಳಿಸಬೇಕಿತ್ತು. ಒಬ್ಬಳೇ ಇಳಿಸಿಕೊಳ್ಳಲಾಗದ ಹೊರೆ, ಎದುರಿನವನು ಒಂದು ಕೈ ಕೊಡಬೇಕು. ಅವಳು ಕಾದಳು. ಬಯ್ಯಪ್ಪ ಅಯ್ಯನವರ ಕಡೆ ನೋಡಿದ. ಅಯ್ಯನವರು ಕೀರ್ತನೆ ಪುಸ್ತಕದ ಕಡೆ ನೋಡಿದರು.

"ಕೀರ್ತನೆ ಹಾಡೋಣ" ಎಂದರು.

ಬೆಂಚಿನವರು ಹಾಡಿದರು. ಚಾಪೆಯವರಲ್ಲಿ ಕೆಲವರು ಹಾಡಿದರು, ಕೆಲವರು ಬಾಯಿ ಮುಚ್ಚಿಕೊಂಡು ಕೂತರು. ಹಾಡಿ ಮುಗಿಯುವವರೆಗೂ ಅಕ್ಕಯಮ್ಮ ತಲೆ ಬಿಟ್ಟುಕೊಂಡು ನಿಂತೇ ಇದ್ದಳು.

ಅಯ್ಯನವರು ಪ್ರಕಟಣೆಗಳನ್ನು ಓದಿದರು. ಕ್ರಿಸ್ಮಸ್ ಭಜನೆಯ ಮನೆಗಳು. ಬಡವರಿಗೆ ಬಟ್ಟೆ ಹಂಚುವ ದಿನ. ಓದಿ ಪುಸ್ತಕ ಮುಚ್ಚಿದರು.

"ಇನ್ನೊಂದಿದೆ ಅಯ್ನೋರೆ."

ಸುಗುಣ ಎದ್ದಿದ್ದಳು. ಸತ್ಯವೇದ ಬಿಚ್ಚಿ ಕಾಗದ ತೆಗೆದಳು. ಮೊದಲ ಸಲ ಬರೆದಾಗ ಅದರಲ್ಲಿ ಅಪ್ಪನ ಹೆಸರು ಮಾತ್ರ ಇತ್ತು. ಈಗ ಪೆನ್ಸಿಲಿನಲ್ಲಿ ಇನ್ನೊಂದು ಹೆಸರು ಸೇರಿಸಿದ್ದಳು. ಹಾಸ್ಟೆಲಿನಲ್ಲಿ ಪಾಠ ಒಪ್ಪಿಸಿದ ದನಿಯಲ್ಲಿ, ಅಕ್ಷರ ಅಕ್ಷರ ಬಿಡಿಸಿ ಓದಿದಳು.

"ಚಿಂತಾಮಣಿ ತಾಲ್ಲೂಕಿನ ಉಪಾಧ್ಯಾಯರಾದ ಯೋಸೇಫರಿಗೂ, ಶಿಡ್ಲಘಟ್ಟದ ಸಭೆಯ ದಿವಂಗತ ಮಾರ್ಕಪ್ಪನವರ ಮತ್ತು ಅಕ್ಕಯಮ್ಮನವರ ಮಗಳಾದ ಸುಗುಣಳಿಗೂ ವಿವಾಹ ನಿಶ್ಚಯವಾಗಿರುತ್ತದೆ. ಇದು ಎರಡನೆಯ ಪ್ರಕಟಣೆ. ಇದಕ್ಕೆ ಅಡ್ಡಿ ಏನಾದರೂ ಇದ್ದರೆ, ತಿಳಿದವರು ಈಗಲೇ ಎದ್ದು ಹೇಳತಕ್ಕದ್ದು."

ಓದಿ ಅವಳು ಕಾಗದದಿಂದ ತಲೆ ಎತ್ತಿದಳು. ಮುಂದಿನ ಬೆಂಚಿನ ಕಡೆ ನೋಡಿದಳು.

"ಏನು ಅಡ್ಡಿ ಅಂತ ಹಿರಿಯರು ಹೇಳ್ಲಿ" ಎಂದಳು. "ಎಲ್ಲರ ಮುಂದೆ ಹೇಳ್ಲಿ."

ಬಯ್ಯಪ್ಪ ಬಾಯಿ ತೆರೆದ. ಅಡ್ಡಿ ಇದೆ ಎಂದರೆ ಯಾವ ಅಡ್ಡಿ ಎಂದು ಹೇಳಬೇಕು. ಅಡ್ಡಿ ಇಲ್ಲ ಎಂದರೆ ಮದುವೆ ಆಗುತ್ತದೆ. ಬಾಯಿ ಮುಚ್ಚಿಕೊಂಡ. ಅಯ್ಯನವರು ನಿಲುವಂಗಿಯ ತೋಳು ಹಿಡಿದುಕೊಂಡು ನಿಂತಿದ್ದರು. ನಲವತ್ತು ಮನೆಯ ಚಾಪೆಯವರು ನೆಲ ನೋಡುತ್ತಿದ್ದರು. ಒಬ್ಬರಾದರೂ ಎದ್ದಾರು ಎಂದು ಅಕ್ಕಯಮ್ಮ ಸುತ್ತ ನೋಡಿದಳು. ಯಾರೂ ಏಳಲಿಲ್ಲ. ಅವರವರ ಮಕ್ಕಳ ಪ್ರಕಟಣೆ ಅವರವರಿಗಿತ್ತು.

"ಅಡ್ಡಿ ಇಲ್ಲ" ಎಂದಳು ಅಕ್ಕಯಮ್ಮ. ಗಟ್ಟಿಯಾಗಿ ಎಂದಳು. ಒಬ್ಬಳೇ ಎಂದಳು.

ಸುಗುಣ ಕಾಗದವನ್ನು ಹಳೆಯ ಮಡಿಕೆಗೇ ಮಡಿಸಿ ಸತ್ಯವೇದದೊಳಗಿಟ್ಟಳು. ಮೇಜಿನ ಮೇಲಿನ ಬಿಳಿ ಬಟ್ಟೆ ತೆಗೆಯುವ ಮೊದಲೇ ಅಮ್ಮನ ಕೈ ಹಿಡಿದುಕೊಂಡಳು. ಬಾಗಿಲ ತನಕ ಹೋಗಿ ತಿರುಗಿ ನಿಂತಳು.

"ಇನ್ನೊಂದು ಭಾನುವಾರ ಇದೆ ಅಯ್ನೋರೆ" ಎಂದಳು. "ಮೂರನೇದೂ ನಾನೇ ಓದ್ತೀನಿ."